ಫಲಕದಲ್ಲಿ ಇಬ್ಬರು ಗವರ್ನರ್

ದೀಪಾವಳಿ ಕಳೆದು ಒಂದು ವಾರವಾಗಿತ್ತು. ಎಣ್ಣೆ ಕಟ್ಟಿ ಕಪ್ಪಾಗಿದ್ದ ಹಿತ್ತಾಳೆ ದೀಪಗಳನ್ನೆಲ್ಲ ಸಿಂಕಿನಲ್ಲಿ ಹಾಕಿಕೊಂಡು ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದೆ. ಬೆಳಗಿನ ಏಳು ಗಂಟೆ, ಹೊರಗೆ ಇನ್ನೂ ಅರೆಗತ್ತಲು. ಲಂಡನ್ನಿನ ಅಂಚಿನ ಈ ಹ್ಯಾರೋದ ನೀರಿನಲ್ಲಿ ಸುಣ್ಣ ಜಾಸ್ತಿ. ತೊಳೆದದ್ದನ್ನು ತಕ್ಷಣ ಒರೆಸದಿದ್ದರೆ ಬಿಳಿ ಚುಕ್ಕೆ ಕೂರುತ್ತದೆ. ಕೆಟಲಿನಲ್ಲಿ ಕೂತರೆ ಕೂರಲಿ, ದೇವರ ದೀಪದ ಮೇಲೆ ಕೂತರೆ ನನಗೆ ಸಹಿಸಲಾಗುವುದಿಲ್ಲ. ಹಾಗಾಗಿ ಒಂದೊಂದನ್ನೇ ತಿಕ್ಕಿ, ತೊಳೆದು, ಹಳೆಯ ಪಂಚೆಯ ತುಂಡಿನಿಂದ ಒರೆಸಿ ಇಡುತ್ತಿದ್ದೆ. ಐದನೆಯ ದೀಪ ಕೈಯಲ್ಲಿದ್ದಾಗ ಫೋನ್ ಬಂತು.

ಮಗಳು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದಳು. ಟೋಸ್ಟ್ ಬಾಯಲ್ಲಿ ಕಚ್ಚಿಕೊಂಡೇ ಫೋನ್ ಎತ್ತಿ, “ಮಮ್, ಚಿಕ್ಕಜ್ಜಿ,” ಎಂದು ಸ್ಪೀಕರಿಗೆ ಹಾಕಿ ನನ್ನ ಕಿವಿಯ ಹತ್ತಿರ ಹಿಡಿದಳು.

“ಗೆದ್ಲ್ ಕಾಣ್! ನಿನ್ ತಂಗಿ ಗೆದ್ಲ್! ಗವರ್ನರ್ ಆದ್ಲ್!” ಊರಿನಿಂದ ಚಿಕ್ಕಮ್ಮ ಕೂಗುತ್ತಿದ್ದರು. ನನ್ನ ತಾಯಿಯ ತಂಗಿ ಅವರು. ಗೆದ್ದವಳು ಅವರ ಮಗಳು, ನನಗಿಂತ ಏಳು ತಿಂಗಳು ಚಿಕ್ಕವಳು, ಇಪ್ಪತ್ತೈದು ವರ್ಷದಿಂದ ಅಮೆರಿಕದಲ್ಲಿರುವವಳು.

“ದೇವ್ರ್ ದೊಡ್ಡವ,” ಎಂದೆ. “ಭಾಳ ಖುಷಿ ಆಯ್ತ್ ಚಿಕ್ಕಮ್ಮ.”

“ನಿಂಗ್ ಖುಷಿ ಆಯ್ಲೇಬೇಕಲ್ದಾ. ಈಗ ನಮ್ಮನಿಯಂಗೆ ಇಬ್ರ್ ಗವರ್ನರ್ ಆಯ್ತ್! ಒಬ್ಳ್ ಲಂಡನ್ನಂಗೆ, ಒಬ್ಳ್ ಅಮೆರಿಕದಂಗೆ!”

ಫೋನ್ ಮಗಳ ಕೈಯಲ್ಲಿತ್ತು, ವಿಡಿಯೋ ಇರಲಿಲ್ಲ. ನನ್ನ ಮುಖ ಚಿಕ್ಕಮ್ಮನಿಗೆ ಕಾಣಲಿಲ್ಲ. ಆ ಬೆಳಗಿನಲ್ಲಿ ಎಣಿಸಿಕೊಳ್ಳಬಹುದಾದ ಕೃಪೆ ಅದೊಂದೇ. ಹಿಂದೆ ದೇವರ ಗೂಡಿನಲ್ಲಿ ಗಣಪತಿ ಕೂತಿದ್ದಾನೆ, ಅವನೆದುರು ಸುಳ್ಳು ಬರೆಯಲಾರೆ: ನನಗೆ ಖುಷಿ ಆಗಲಿಲ್ಲ. ಹೊಟ್ಟೆಯಲ್ಲಿ ಹಸಿಮೆಣಸು ಕಿವುಚಿದ ಹಾಗಾಯಿತು.

ಚಿಕ್ಕಮ್ಮ ಹೇಳಿದ ಆ ‘ಇಬ್ಬರು ಗವರ್ನರ್’ ಲೆಕ್ಕವನ್ನು ಮೊದಲು ಬಿಡಿಸಿ ಹೇಳಬೇಕು. ಯಾರ ಹೆಸರನ್ನೂ ನಾನಿಲ್ಲಿ ಬರೆಯುವುದಿಲ್ಲ. ಅವಳ ಹೆಸರು ಪೇಪರುಗಳಲ್ಲಿ ಬೇಕಾದಷ್ಟಿದೆ, ನನ್ನದು ಎಲ್ಲಿಯೂ ಇಲ್ಲ.

ನಮ್ಮ ಊರಿನಲ್ಲಿ ಗವರ್ನರ್ ಎಂದರೆ ರಾಜ್ಯಪಾಲರು. ರಾಜಭವನದಲ್ಲಿ ಇರುವವರು, ಮಂತ್ರಿಗಳಿಗೆ ಪ್ರಮಾಣವಚನ ಹೇಳಿಕೊಡುವವರು, ಘಟಿಕೋತ್ಸವದಲ್ಲಿ ನಿಲುವಂಗಿ ತೊಟ್ಟು ಪದಕ ಕೊಡುವ ಹಿರಿಯರು. ಅಮೆರಿಕದಲ್ಲಿ ಹಾಗಲ್ಲ. ಜನರೇ ಓಟು ಹಾಕಿ ಆರಿಸಿದ ಗವರ್ನರ್ ಅಲ್ಲಿ ರಾಜ್ಯವನ್ನೇ ಆಳುತ್ತಾರೆ, ನಮ್ಮ ಲೆಕ್ಕಕ್ಕೆ ಅವರು ಮುಖ್ಯಮಂತ್ರಿ. ಇನ್ನು ಈ ದೇಶದಲ್ಲಿ ಪ್ರತಿ ಶಾಲೆಗೂ ಗವರ್ನರುಗಳಿರುತ್ತಾರೆ. ಶಾಲೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವ ಹತ್ತು ಹನ್ನೆರಡು ಮಂದಿ, ಅವರಲ್ಲಿ ಒಬ್ಬಿಬ್ಬರು ಮಕ್ಕಳ ತಂದೆತಾಯಿಗಳ ಪರವಾಗಿ. ಸಂಜೆ ಶಾಲೆಯ ಲೈಬ್ರರಿಯಲ್ಲಿ, ಐದು ವರ್ಷದ ಮಕ್ಕಳು ಕೂರುವ ಕುರ್ಚಿಯಲ್ಲಿ ಮಂಡಿ ಎದೆಗೆ ತಾಗುವಂತೆ ಕೂತು, ಬಿಸ್ಕತ್ತು ತಿನ್ನುತ್ತ ಮೀಟಿಂಗ್ ಮಾಡುತ್ತಾರೆ. ನಾನು ಆ ಬಗೆಯ ಗವರ್ನರ್. ನಾಲ್ಕು ವರ್ಷ ಇದ್ದೆ. ನನ್ನನ್ನು ಆರಿಸಿದರು ಎನ್ನುವುದೂ ದೊಡ್ಡ ಮಾತು, ಎದುರು ನಿಂತವರೇ ಇರಲಿಲ್ಲ.

ಆ ವಿಷಯವನ್ನು ಹನ್ನೆರಡು ವರ್ಷದ ಹಿಂದೆ ಅಪ್ಪಯ್ಯನಿಗೆ ಹೇಳಿದ್ದು ಫೋನಿನಲ್ಲಿ. ಅಪ್ಪಯ್ಯ ನಮ್ಮೂರ ಶಾಲೆಯ ಹೆಡ್ಮಾಸ್ಟರಾಗಿದ್ದವರು, ಆಗ ನಿವೃತ್ತರು. ಅದೇ ವಾರ ಅವರು ಫೋನ್ ಮಾಡಿದಾಗಲೆಲ್ಲ ತಂಗಿಯ ಸುದ್ದಿಯೇ. ಅಮೆರಿಕದಲ್ಲಿ ಔಷಧ ಶಾಸ್ತ್ರದ ದೊಡ್ಡ ಪರೀಕ್ಷೆ ಪಾಸು ಮಾಡಿದಳಂತೆ, ಆಸ್ಪತ್ರೆಯ ಔಷಧ ವಿಭಾಗಕ್ಕೇ ಮುಖ್ಯಸ್ಥೆಯಂತೆ, ಮನೆಯ ಹಿಂದೆ ಕೆರೆಯಂತೆ. ಕೇಳಿ ಕೇಳಿ ನನಗೆ ಸಾಕಾಗಿತ್ತು. “ಅಪ್ಪಯ್ಯ, ನಾನ್ ಇಲ್ಲಿ ಗವರ್ನರ್ ಆದೆ,” ಎಂದೆ. ‘ಶಾಲೆಯ’ ಎಂಬ ಮಾತನ್ನು ಹೇಳಲಿಲ್ಲ. ಮರೆತದ್ದಲ್ಲ.

ಆ ಕಡೆ ಅಪ್ಪಯ್ಯ ಅಮ್ಮನನ್ನು ಕೂಗುವುದು ಕೇಳಿಸಿತು. ಅವರ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿದ್ದು ಅದೇ ಮೊದಲು, ಅದೇ ಕೊನೆ.

ತಿಂಗಳೊಳಗೆ ಶಾಲೆಯ ಸಭಾಂಗಣದ ಗೋಡೆಗೆ ಮರದ ಫಲಕವೊಂದು ಬಂತು. ಶಾಲೆಗೆ ಕೀರ್ತಿ ತಂದವರು ಎಂದು ತಲೆಬರಹ. ಅಪ್ಪಯ್ಯ ತಾವೇ ನಿಂತು ಬರೆಸಿದ್ದರು. ಒಬ್ಬ ಡಾಕ್ಟರು, ಸೈನ್ಯದಲ್ಲಿದ್ದವರೊಬ್ಬರು, ಮೂರನೆಯ ಸಾಲಿನಲ್ಲಿ ನನ್ನ ಹೆಸರು, ಮುಂದೆ ಬಿಳಿ ಅಕ್ಷರದಲ್ಲಿ: ಗವರ್ನರ್, ಲಂಡನ್. ಫೋಟೋ ಕಳಿಸಿದ್ದರು. ಫೋನ್ ಎತ್ತಿ ನಿಜ ಹೇಳಬೇಕೆಂದು ಎಷ್ಟು ಸಲ ಹೊರಟೆನೋ. ‘ಮುಂದಿನ ಸಲ ಊರಿಗೆ ಹೋದಾಗ ಎದುರಿಗೇ ಹೇಳುತ್ತೇನೆ’ ಎಂದುಕೊಳ್ಳುತ್ತಲೇ ನಾಲ್ಕು ವರ್ಷ ಕಳೆಯಿತು. ಅಪ್ಪಯ್ಯ ತೀರಿಕೊಂಡರು. ಎರಡು ವರ್ಷಕ್ಕೆ ಅಮ್ಮನೂ ಹೋದಳು. ಇಬ್ಬರೂ ಕೊನೆಯವರೆಗೂ ಸಂತೋಷವಾಗಿಯೇ ಇದ್ದರು, ಅದೂ ಒಂದು ಕೃಪೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಫಲಕ ಗೋಡೆಯ ಮೇಲೆ ಉಳಿಯಿತು.

ಚಿಕ್ಕಮ್ಮನ ಫೋನ್ ಬಂದ ದಿನ ಸಂಜೆ ಮನೆಯವರು ಬಂದರು. ಹೋಟೆಲಿನ ಅಡುಗೆಮನೆ ನೋಡಿಕೊಳ್ಳುವವರು ಅವರು, ಮೈಯೆಲ್ಲ ಸಾಂಬಾರಿನ ಪರಿಮಳ. ಸುದ್ದಿ ಹೇಳಿದೆ.

“ಅಯ್ಯೋ, ಅದಕ್ಕೆಂತ ಮುಖ ಸಣ್ಣ ಮಾಡ್ತೆ?” ಎಂದರು. “ತರಕಾರಿ ವ್ಯಾನಿನವ ದಿನಾ ಬೆಳಿಗ್ಗೆ ನಂಗೂ ‘ಆಲ್ರೈಟ್ ಗವ್ನರ್’ ಅಂತ, ಇಲ್ಲಿಯವ್ರಿಗ್ ಯಜಮಾನ್ರೆಲ್ಲ ಗವ್ನರೇ. ಲೆಕ್ಕ ಹಾಕ್, ನಮ್ಮನಿಯಂಗೆ ಮೂರ್ ಜನ ಆಯ್ತ್.”

“ಹ್ವಾಯ್, ನಿಮ್ಗ್ ಎಲ್ಲ ತಮಾಷಿ.”

“ತಮಾಷಿ ಅಲ್ದೆ ಎಂತ? ನೀ ಅವ್ಳಿಗ್ ಫೋನ್ ಮಾಡಿದ್ಯಾ?”

“ಮೆಸೇಜ್ ಹಾಕಿದ್ದೆ. ದೀಪದ ಚಿತ್ರ, ಕೈಮುಗುದ್ ಚಿತ್ರ.”

“ಒಟ್ಟಿಗ್ ಎರ್ಡ್ ಮಾತ್?”

ಎರಡು ಮಾತು ನನ್ನ ಕೈಯಿಂದ ಬರಲಿಲ್ಲ.

ಅವಳ ಬಗ್ಗೆ ಹೊಟ್ಟೆ ಉರಿದುಕೊಂಡದ್ದು ಇದು ಮೊದಲ ಸಲವಲ್ಲ. ಏಳನೇ ತರಗತಿಯಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಮಂತ್ರಿಮಂಡಲ ಇತ್ತು, ಎಲ್ಲ ಶಾಲೆಯಲ್ಲೂ ಇರುವಂಥದ್ದೇ. ಮಕ್ಕಳೆಲ್ಲ ಚೀಟಿ ಹಾಕಿ ನನ್ನನ್ನು ಮುಖ್ಯಮಂತ್ರಿ ಮಾಡಿದರು. ಅವಳು ಆರೋಗ್ಯ ಮಂತ್ರಿ. ಪ್ರತಿ ಸೋಮವಾರ ಪ್ರಾರ್ಥನೆಗೆ ಮುಂಚೆ ಸಾಲಿನಲ್ಲಿ ಹೋಗಿ ಎಲ್ಲರ ಉಗುರು ನೋಡುವುದು ಅವಳ ಕೆಲಸ. ಕಾರ್ಯಭಾರ ಅಷ್ಟೇ ಆದರೂ ಅವಳು ಮಾಡುವ ರೀತಿಯೇ ಬೇರೆ ಇತ್ತು. ಕೊಳೆ ಉಗುರಿನ ಮಕ್ಕಳನ್ನು ಬೈಯುತ್ತಿರಲಿಲ್ಲ. “ನಿನ್ ಉಗುರಿನಂಗೆ ಒಂದ್ ಬದನಿ ಗಿಡ ನೆಡ್ಲಕ್,” ಎನ್ನುತ್ತಿದ್ದಳು. ಮಕ್ಕಳು ನಗುತ್ತ ಮನೆಗೆ ಹೋಗಿ ಉಗುರು ತೆಗೆದುಕೊಂಡು ಬರುತ್ತಿದ್ದರು. ನಾನು ಮುಖ್ಯಮಂತ್ರಿ, ನನ್ನನ್ನು ಕಂಡರೆ ಯಾರೂ ನಗುತ್ತಿರಲಿಲ್ಲ. ಒಂದು ಸೋಮವಾರ ಅವಳು ಹೊಸ ಕೆಂಪು ರಿಬ್ಬನ್ ಕಟ್ಟಿಕೊಂಡು ಬಂದಳು. ಆ ದಿನ ನಾನು, “ಮೊದ್ಲ್ ಆರೋಗ್ಯ ಮಂತ್ರಿ ಕೈ ತೋರ್ಸ್ಲಿ,” ಎಂದೆ. ಅವಳ ಬಲಗೈಯ ಎರಡು ಉಗುರಿನಲ್ಲಿ ಮಣ್ಣಿತ್ತು. ಎಲ್ಲರೆದುರು ಸಾಲಿನಿಂದ ಹೊರಗೆ ನಿಲ್ಲಿಸಿದೆ. ರಿಬ್ಬನ್ನಿನ ಸಿಟ್ಟನ್ನು ಉಗುರಿನ ಮೇಲೆ ತೀರಿಸಿಕೊಂಡೆ.

ಆಮೇಲೆ ಅವಳು ಅಮೆರಿಕಕ್ಕೆ ಓದಲು ಹೋದಳು, ನಾನು ಮದುವೆಯಾಗಿ ಹ್ಯಾರೋಗೆ ಬಂದೆ. ಅವಳ ರಾಜ್ಯ ಜೋಳ ಮತ್ತು ಹಿಮ ಎರಡೂ ಹೇರಳವಾಗಿರುವಂಥದ್ದಂತೆ. ನಾನು ಶಾಲೆಯ ಗವರ್ನರ್ ಆದ ಮರುವರ್ಷ ಒಂದು ದಿನ ಫೋನ್ ಮಾಡಿ, “ಅಕ್ಕಾ, ಇಲ್ಲಿ ಮಕ್ಕಳ ಶಾಲೆ ಮಂಡಳಿಗೆ ಚುನಾವಣೆ. ನಿಲ್ಲುವಾ ಅಂದ್ ಕಾಣ್ತೆ. ನೀ ಎಂತ ಮಾಡಿದ್ದೆ, ಹೇಳ್ ಕಾಂಬ,” ಎಂದಳು. ನಾನು ಹೇಳಿದೆ. ಬೆಳಿಗ್ಗೆ ಸಂಜೆ ಶಾಲೆಯ ಗೇಟಿನ ಹತ್ತಿರ ನಿಲ್ಲು. ನಿನ್ನ ಮಾತು ಕಡಿಮೆ ಮಾಡು. ತಾಯಂದಿರ ಹೆಸರಿಗಿಂತ ಮಕ್ಕಳ ಹೆಸರು ನೆನಪಿಟ್ಟುಕೊ. ನನ್ನ ಒಂದೇ ಒಂದು ಸಾಧನೆಯನ್ನೂ ಹೇಳಿದ್ದೆ: ಮಧ್ಯಾಹ್ನದ ಊಟದಲ್ಲಿ ಮಾಂಸದ ಸಾರಿಗೂ ತರಕಾರಿ ಸಾರಿಗೂ ಒಂದೇ ಸೌಟು ಹಾಕುತ್ತಿದ್ದರು, ನಾನು ಮೂರು ಮೀಟಿಂಗಿನಲ್ಲಿ ಕೈ ಎತ್ತಿ ಎತ್ತಿ ಎರಡು ಸೌಟು ಮಾಡಿಸಿದೆ. ಅವಳು ಬಿದ್ದು ಬಿದ್ದು ನಕ್ಕು, “ಅಕ್ಕಾ, ರಾಜಕೀಯ ಅಂದ್ರೆ ಇದೇ ಅಲ್ದಾ, ಸೌಟ್ ಬೇರೆ ಮಾಡುದ್,” ಎಂದಿದ್ದಳು.

ಅವಳು ಗೇಟಿನ ಹತ್ತಿರ ನಿಂತಳು. ಗೆದ್ದಳು. ಅಲ್ಲಿಂದ ರಾಜ್ಯದ ಶಾಸನಸಭೆಗೆ. ಒಮ್ಮೆ ಸೋತಳು, ಆ ವರ್ಷ ನಾನು ಅವಳಿಗಾಗಿ ದಿನಾ ಅಳುವಷ್ಟು ಪ್ರೀತಿಯಿಂದ ಮಾತಾಡಿದೆ. ಸೋತವರನ್ನು ಪ್ರೀತಿಸುವುದು ಸುಲಭ. ಮತ್ತೆ ನಿಂತಳು, ಗೆದ್ದಳು. ಹಳ್ಳಿ ಆಸ್ಪತ್ರೆಗಳು ಮುಚ್ಚದಂತೆ ಏನೋ ಕಾನೂನು ತಂದಳು. ಈಗ ರಾಜ್ಯವೇ ಅವಳ ಕೈಯಲ್ಲಿ. ನನ್ನ ಅವಧಿ ಮುಗಿದಾಗ ಇನ್ನೊಮ್ಮೆ ನಿಲ್ಲಲು ಹೇಳಿದ್ದರು. ಅತ್ತೆಗೆ ಸೊಂಟ ಮುರಿದಿತ್ತು, ಮಗಳು ಚಿಕ್ಕವಳು, ಆಗುವುದಿಲ್ಲ ಎಂದೆ. ಅತ್ತೆ ನಡೆಯುವಂತಾದರು, ಮಗಳು ಬೆಳೆದಳು. ನನ್ನನ್ನು ಮತ್ತೆ ಯಾರೂ ಕೇಳಲಿಲ್ಲ. ನಾನೂ ಹೋಗಿ ಕೇಳಲಿಲ್ಲ.

ಶನಿವಾರ ದೇವಸ್ಥಾನದಲ್ಲಿ ಭಜನೆ. ಚಪ್ಪಲಿ ಬಿಡುವಲ್ಲೇ ಪಕ್ಕದ ಪಿನ್ನರಿನ ಡಾಕ್ಟರ ಹೆಂಡತಿ ಸಿಕ್ಕಿದರು, ಧಾರವಾಡದವರು.

“ಏನ್ರೀ ಅಕ್ಕಾರ, ಅಮೆರಿಕಾದಾಗ ಗೆದ್ದಾಕಿ ನಿಮ್ಮ ತಂಗಿ ಅಂತಲ್ರೀ! ಹೇಳೇ ಇಲ್ಲ ನೀವು!”

“ಚಿಕ್ಕಮ್ಮನ ಮಗಳು.”

“ಒಂದ ರಕ್ತ ಅಲ್ಲೇನ್ರೀ. ಪೇಢೆ ಎಲ್ಲಿ? ಪೇಢೆ ಇಲ್ದ ಒಳಗ ಬಿಡಂಗಿಲ್ಲ ನಿಮ್ಮನ್ನ.”

ಸೌತ್‌ಹಾಲಿಗೆ, ನಮ್ಮವರ ಅಂಗಡಿ ಬೀದಿಗೆ, ಹೋಗಿ ತರುತ್ತೇನೆ ಎಂದು ತಪ್ಪಿಸಿಕೊಂಡೆ. ಭಜನೆಯಲ್ಲಿ ತಾಳ ಹಾಕುತ್ತ ಮನಸ್ಸು ಎಲ್ಲೋ. ದೇವರೇ, ಅವಳಿಗೆ ಆಯುಸ್ಸು ಕೊಡು, ಆರೋಗ್ಯ ಕೊಡು ಎಂದು ಬೇಡಿಕೊಂಡೆ, ಅಷ್ಟರಮಟ್ಟಿಗೆ ಪ್ರಾಮಾಣಿಕವಾಗಿಯೇ. ಕೀರ್ತಿ ಕೊಡು ಎಂಬ ಮಾತು ಮಾತ್ರ ನಾಲಿಗೆಗೆ ಬರಲಿಲ್ಲ.

ಅವಳ ವಿಜಯ ಭಾಷಣವನ್ನು ಮಗಳು ಟಿವಿಯಲ್ಲಿ ಹಾಕಿ ತೋರಿಸಿದಳು. ತಪ್ಪು ಹುಡುಕುತ್ತಲೇ ಕೂತೆ. ಸೀರೆ ಉಟ್ಟಿಲ್ಲ. ಹಣೆಯಲ್ಲಿ ಕುಂಕುಮ ಕಡಲೆಬೇಳೆಯಷ್ಟೂ ಇಲ್ಲ. ಅಷ್ಟರಲ್ಲಿ ಅವಳು ಇಂಗ್ಲಿಷಿನಲ್ಲಿ ಹೇಳಿದಳು: ನನ್ನ ಮೊದಲ ಹುದ್ದೆ ಆರೋಗ್ಯ ಮಂತ್ರಿಯದು, ಆಗ ನನಗೆ ಹನ್ನೆರಡು ವರ್ಷ, ನನ್ನ ಕೆಲಸ ಇಡೀ ಶಾಲೆಯ ಉಗುರು ನೋಡುವುದು. ಜನ ನಕ್ಕರು. ನಮ್ಮ ಮುಖ್ಯಮಂತ್ರಿ ಬಹಳ ಕಟ್ಟುನಿಟ್ಟು, ಒಂದು ದಿನ ನನ್ನ ಉಗುರನ್ನೇ ಮೊದಲು ನೋಡಿ ನನ್ನನ್ನೇ ಹೊರಗೆ ನಿಲ್ಲಿಸಿದಳು. ಅಧಿಕಾರದಲ್ಲಿರುವವರು ಮೊದಲು ತಮ್ಮ ಕೈ ತೋರಿಸಬೇಕು ಎಂದು ಕಲಿತದ್ದು ಆ ದಿನ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

“ಮಮ್, ಈಸ್ ದಟ್ ಯು?” ಮಗಳು ನನ್ನ ಕಡೆ ತಿರುಗಿದಳು.

“ಎಷ್ಟ್ ಜನ ಮುಖ್ಯಮಂತ್ರಿ ಇದ್ರೋ ಏನೋ,” ಎಂದು ಎದ್ದು ಹೋದೆ.

ನನ್ನ ಕೆಟ್ಟ ಕೆಲಸದಿಂದಲೂ ಅವಳು ಒಳ್ಳೆಯ ಪಾಠ ಮಾಡಿಕೊಂಡಿದ್ದಳು. ನನ್ನ ಹೆಸರನ್ನಂತೂ ಹೇಳಲಿಲ್ಲ.

ಹೀಗಿರುವಾಗ ಮರುವಾರ ಊರಿನ ಶಾಲೆಯ ಈಗಿನ ಹೆಡ್ಮಾಸ್ಟರು ವಾಟ್ಸ್ಯಾಪಿನಲ್ಲಿ ಬರೆದರು. ಫಲಕಕ್ಕೆ ಹೊಸದಾಗಿ ಬಣ್ಣ ಹೊಡೆಸುತ್ತಿದ್ದಾರೆ. ಅಮೆರಿಕದ ಮೇಡಂ ಜನವರಿಯಲ್ಲಿ ಊರಿಗೆ ಬಂದು ಪರದೆ ಸರಿಸಲು ಒಪ್ಪಿದ್ದಾರೆ, ಪತ್ರಿಕೆಯವರೂ ಬರುತ್ತಾರೆ. ತಾವು ಯಾವ ಪ್ರಾಂತ್ಯದ ಗವರ್ನರ್, ಪೂರ್ಣ ಪದನಾಮ ತಿಳಿಸಿದರೆ ಸರಿಯಾಗಿ ಬರೆಸುತ್ತೇವೆ, ಹಿಂದಿನ ಹೆಡ್ಮಾಸ್ಟರು ಚುಟುಕಾಗಿ ಬರೆಸಿದ್ದಾರೆ.

ಸುಮ್ಮನಿದ್ದರೆ ಪತ್ರಿಕೆಯವರು ಹುಡುಕುತ್ತಾರೆ. ಲಂಡನ್ನಿಗೆ ಗವರ್ನರೇ ಇಲ್ಲವೆಂದು ತಿಳಿಯಲು ಎಷ್ಟು ಹೊತ್ತು? ಆಗ ನಗುವುದು ನನ್ನನ್ನು ಕಂಡಲ್ಲ, ನಾನು ದೂರದಲ್ಲಿದ್ದೇನೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಎಂದು ಕಲಿಸಿದ ಅಪ್ಪಯ್ಯನನ್ನು ಕಂಡು ನಗುತ್ತಾರೆ. ಹೆಡ್ಮಾಸ್ಟ್ರು ಮಗಳಿಗೆ ಸುಳ್ಳು ಪದವಿ ಬರೆಸಿದ್ರಂತೆ ಎನ್ನುತ್ತಾರೆ. ನಿಜ ಹೇಳಿಬಿಟ್ಟರೆ ಅಪ್ಪಯ್ಯ ಉಳಿಯುತ್ತಾರೆ, ಆದರೆ ಅವಳ ರಾಜ್ಯದ ಪಕ್ಕದಲ್ಲಿ ನನ್ನ ಎರಡು ಸೌಟು.

ಅದೇ ದಿನ ಚಿಕ್ಕಮ್ಮನ ಫೋನೂ ಬಂತು. “ಹೆಡ್ಮಾಸ್ಟ್ರ್ ಕೇಂತಿದ್ರ್. ನಿಂದ್ ಯಾವ್ ರಾಜ್ಯ ಮಗಾ? ರಾಣಿ ಕಾಲದಂಗೆ ಆದ್ದಾ, ರಾಜ ಬಂದ್ಮೇಲಾ?”

“ನಾನೇ ಅವ್ರಿಗ್ ಬರೀತೆ ಚಿಕ್ಕಮ್ಮ.”

“ಬರಿ ಬರಿ. ನಂಗ್ ಹೇಳುಕೆಂತ ಕಷ್ಟ?”

ಗೊತ್ತಿದ್ದೇ ಕೇಳುತ್ತಿದ್ದಾರೆಯೇ, ಗೊತ್ತಿಲ್ಲದೆಯೇ? ಚಿಕ್ಕಮ್ಮನ ದನಿಯಿಂದ ಅದನ್ನು ತಿಳಿಯುವುದು ಯಾರಿಂದಲೂ ಆಗದು. ಎರಡು ದಿನ ಹೆಡ್ಮಾಸ್ಟರಿಗೆ ಉತ್ತರ ಬರೆಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮಗಳ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದೆ. ಅವಳೇ ಫೋನ್ ಮಾಡಿದಳು. ಅಲ್ಲಿ ಇನ್ನೂ ಬೆಳಿಗ್ಗೆ.

“ಅಕ್ಕಾ, ಒಂಚೂರ್ ಪುರ್ಸೊತ್ತಿತ್ತಾ?”

“ನಂಗ್ ಪುರ್ಸೊತ್ತಿಗ್ ಎಂತ ಬರ? ಗವರ್ನರ್ ನೀನ್.”

“ಶುರು ಮಾಡ್ಬೇಡ ಮರಾಯ್ತಿ. ಕಾರಂಗೆ ಹೋತಾ ಇದ್ದೆ, ಹತ್ ನಿಮಿಷ ಸಿಕ್ತ್.”

ಅವಳ ಕುಂದಾಪುರದ ಮಾತು ಒಂದಿಷ್ಟೂ ಮಾಸಿರಲಿಲ್ಲ. ನನ್ನದು ಇಲ್ಲಿ ಬೆಂಗಳೂರು ಮೈಸೂರಿನವರ ಜೊತೆ ಮಾತಾಡಿ ಮಾತಾಡಿ ಸವೆದಿದೆ, ಊರಿನವರ ಜೊತೆ ಮಾತ್ರ ಹುಡುಕಿ ತೆಗೆಯಬೇಕು. ಅದಕ್ಕೂ ಹೊಟ್ಟೆ ಉರಿಯಿತು. ಅಷ್ಟು ದೊಡ್ಡ ರಾಜ್ಯ ಆಳುವವಳು ಇದನ್ನಾದರೂ ನನಗೆ ಬಿಡಬಾರದೇ?

“ಭಾಷಣ ಕಂಡೆ,” ಎಂದೆ. “ಆ ಮುಖ್ಯಮಂತ್ರಿ ಯಾರಂದ್ ಹೇಳ್ಲೇ ಇಲ್ಲ ನೀನ್.”

“ಹೇಳಿದ್ರೆ ನೀ ಬಿಡ್ತಿದ್ಯಾ? ನನ್ ಉಗುರ್ ಕೊಳಕ್ ಅಂದ್ ಇಡೀ ರಾಜ್ಯಕ್ಕ್ ಹೇಳ್ದೆ, ಸಾಕಲ್ದಾ? ಹೊರಗ್ ನಿಲ್ಸಿದ್ದ್ ನನ್ನಕ್ಕ ಅಂದ್ ನಿನ್ನನ್ನೂ ಎಳುದಾ?” ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ಅಕ್ಕಾ, ಫಲಕದ್ ವಿಷ್ಯ. ಅಮ್ಮ ನನ್ನ ಹತ್ರ ಕೇಂಡ್ಲ್, ಅಕ್ಕ ಎಂತ ಗವರ್ನರ್ ಅಂದ್. ನಾ ಎಂತದೂ ಹೇಳ್ಲಿಲ್ಲ.”

ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದೆ. “ನಿಂಗ್ ಫಲಕದ್ದ್ ಗೊತ್ತಿತ್ತಾ?”

“ದೊಡ್ಡಪ್ಪಯ್ಯ ನಂಗೂ ಫೋಟೋ ಕಳ್ಸಿದ್ರಲ್ದಾ. ಆಮೇಲ್ ನಿನ್ ಸೌಟಿನ್ ಕಥಿ ಕೇಂಡ್ ನಗು ಬಂದಿತ್ತ್. ಆದ್ರೆ ಅವ್ರ್ ಅಷ್ಟ್ ಖುಷಿಯಂಗಿದ್ರ್, ಯಾರ್ ಹೇಳ್ತ್ರ್? ಹಂಗೇ ಇರ್ಲಿ ಬಿಡ್ ಅಕ್ಕ. ನೀ ಗವರ್ನರ್ ಹೌದ್, ಲಂಡನ್ನಂಗ್ ಇಪ್ಪುದೂ ಹೌದ್. ಸುಳ್ಳೆಲ್ಲಿತ್ತ್? ನಾ ಬಾಯಿ ಬಿಡುದಿಲ್ಲ. ಪತ್ರಿಕೆಯವ್ರ್ ಕೇಂಡ್ರೆ ನಾನೇ ಮಾತ್ ತಿರ್ಗಿಸ್ತೆ. ಅದೊಂದ್ ನಂಗ್ ಚೆಂದ ಮಾಡುಕ್ ಬತ್ತ್.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ನನಗೆ ಗೊತ್ತು. ಹನ್ನೆರಡು ವರ್ಷ ನನ್ನ ಅರ್ಧ ಸುಳ್ಳನ್ನು ಸೆರಗಿನ ಗಂಟಿನಲ್ಲಿಟ್ಟು ಕಾಪಾಡಿದ್ದಳು. ಅದೇ ನನಗೆ ತಡೆಯಲಾಗಲಿಲ್ಲ. ಬೈದಿದ್ದರೆ, ಹೀಯಾಳಿಸಿದ್ದರೆ, ಹೊಟ್ಟೆಕಿಚ್ಚಿಗೆ ಒಂದು ಆಧಾರ ಸಿಗುತ್ತಿತ್ತು. ಅವಳಿಗೆ ರಾಜ್ಯವೂ ಇದೆ, ಚಪ್ಪಾಳೆಯೂ ಇದೆ. ಇನ್ನು ಮೇಲೆ ಫಲಕದ ಮೇಲಿನ ನನ್ನ ಹೆಸರೂ ಅವಳ ದಯೆಯಿಂದ ಉಳಿಯಬೇಕೇ?

“ಬೇಡ,” ಎಂದೆ. “ನಾನೇ ಸರಿ ಮಾಡ್ತೆ.”

“ಅಕ್ಕಾ, ಯಾಕ್ ಸುಮ್ನೆ...”

“ಅಧಿಕಾರದಂಗಿಪ್ಪವ್ರ್ ಮೊದ್ಲ್ ಕೈ ತೋರ್ಸ್ಕಂದ್ ನೀನೇ ಹೇಳಿದ್ದಲ್ದಾ. ಹೋಗ್, ರಾಜ್ಯ ಕಾಣ್.”

ಅವಳು ಗಟ್ಟಿಯಾಗಿ ನಕ್ಕಳು. ನನಗೆ ನಗು ಬರಲಿಲ್ಲ.

ದೇವರ ಗೂಡಿನೆದುರು ಹೋಗಿ ನಿಂತೆ. ಒರೆಸಿಟ್ಟ ದೀಪಗಳು ಸಾಲಾಗಿ ಹೊಳೆಯುತ್ತಿದ್ದವು. ಸತ್ಯ ಹೇಳಲು ಹೊರಟ ಭಕ್ತಿ ಅದಾಗಿರಲಿಲ್ಲ, ಅವಳ ಹಂಗು ಬೇಡವೆಂಬ ಹಟ. ಒಳ್ಳೆಯ ಕೆಲಸವನ್ನು ದೇವರು ಕೆಟ್ಟ ಮನಸ್ಸಿನಿಂದಲೂ ಮಾಡಿಸುತ್ತಾನೆ ಎಂದುಕೊಂಡು ಅಲ್ಲೇ ನಿಂತು ಬರೆದೆ:

ಮಾನ್ಯರೇ, ನಾನು ಯಾವ ಪ್ರಾಂತ್ಯದ ಗವರ್ನರೂ ಅಲ್ಲ. ಹ್ಯಾರೋದ ಒಂದು ಪ್ರಾಥಮಿಕ ಶಾಲೆಯ ಆಡಳಿತ ಮಂಡಳಿಯಲ್ಲಿ ನಾಲ್ಕು ವರ್ಷ ಮಕ್ಕಳ ಪೋಷಕರ ಪ್ರತಿನಿಧಿಯಾಗಿದ್ದೆ. ಇಲ್ಲಿ ಅದಕ್ಕೂ ಗವರ್ನರ್ ಎನ್ನುತ್ತಾರೆ. ನನ್ನ ತಂದೆಗೆ ನಾನು ಅರ್ಧ ಮಾತ್ರ ಹೇಳಿದ್ದೆ, ಅವರು ಕೇಳಿದ್ದನ್ನೇ ಬರೆಸಿದರು. ತಪ್ಪು ಅವರದಲ್ಲ. ಹೆಸರನ್ನು ಅಳಿಸುವುದಾದರೆ ನನ್ನದೇನೂ ಅಡ್ಡಿಯಿಲ್ಲ.

ಕೊನೆಯ ವಾಕ್ಯ ಸುಳ್ಳು. ಅಡ್ಡಿಯಿತ್ತು. ಆದರೂ ಕಳಿಸಿದೆ.

ಹೆಡ್ಮಾಸ್ಟರಿಗಿಂತ ಮೊದಲು ಮರುದಿನ ಬೆಳಿಗ್ಗೆ ಚಿಕ್ಕಮ್ಮನ ಫೋನ್ ಬಂತು. ಊರಿನಲ್ಲಿ ಸುದ್ದಿಗೆ ಕಾಲು ಬೇಕಿಲ್ಲ.

“ಶಾಲಿ ಗವರ್ನರಾ? ಅಷ್ಟೆಯಾ ಮಗಾ?”

“ಅಷ್ಟೇ ಚಿಕ್ಕಮ್ಮ.”

“ಹಂಗಾರೆ ನಮ್ಮನಿಯಂಗೆ ಗವರ್ನರ್ ಒಂದೇ.”

ಆ ಮಾತನ್ನು ಚಿಕ್ಕಮ್ಮ ಹನ್ನೆರಡು ವರ್ಷದಿಂದ ಬಾಯಲ್ಲಿಟ್ಟುಕೊಂಡು ಕಾದಿದ್ದರೇನೋ ಎನ್ನಿಸಿತು.

“ಹೌದ್,” ಎಂದೆ. “ಒಂದೇ.”

ಅದನ್ನು ಹೇಳಿದ್ದು ನನ್ನ ಈವರೆಗಿನ ಉಪವಾಸಗಳೆಲ್ಲಕ್ಕಿಂತ ಕಷ್ಟವಾಯಿತು. ಚಿಕ್ಕಮ್ಮ, “ನಿನ್ ಅಪ್ಪಯ್ಯ ಪಾಪದವ್ರ್,” ಎಂದರು. “ಆ ಫಲಕ ತೊಳುಕ್ ಪ್ರತಿ ಆಗಸ್ಟಂಗೂ ತಾವೇ ಹೋತಿದ್ರ್.” ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಹೆಡ್ಮಾಸ್ಟರ ಉತ್ತರ ಬಂತು. ಜೊತೆಗೆ ಒಂದು ಫೋಟೋ. ಫಲಕವನ್ನು ಗೋಡೆಯಿಂದ ಇಳಿಸಿ ಬೆಂಚಿನ ಮೇಲೆ ಮಲಗಿಸಿದ್ದಾರೆ, ಪೇಂಟರ್ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಾನೆ. ಹೆಡ್ಮಾಸ್ಟರು ಬರೆದಿದ್ದರು: ಮೇಡಂ, ಅಳಿಸುವ ಪ್ರಶ್ನೆಯೇ ಇಲ್ಲ. ನಮ್ಮಂಥ ಮೇಷ್ಟರಿಗೆ ಶಾಲೆಯ ಕೆಲಸ ಸಣ್ಣದಲ್ಲ. ಆದರೆ ತಾವು ಬರೆದಷ್ಟಕ್ಕೆ ಸಾಲಿನಲ್ಲಿ ಜಾಗವಿಲ್ಲ, ಎರಡಕ್ಷರ ಹಿಡಿಸಬಹುದು ಎನ್ನುತ್ತಾನೆ ಪೇಂಟರ್. ‘ಶಾಲಾ’ ಎಂದು ಸೇರಿಸುತ್ತೇವೆ. ವರ್ಷದ ಕ್ರಮದಲ್ಲಿ ಬರೆದಿರುವುದರಿಂದ ಅಮೆರಿಕದ ಮೇಡಂ ಹೆಸರು ತಮ್ಮ ಕೆಳಗೆ ಬರುತ್ತದೆ.

ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ನನ್ನ ಹೆಸರಿಗೂ ‘ಗವರ್ನರ್’ ಎಂಬುದಕ್ಕೂ ನಡುವೆ ಸೀಮೆಸುಣ್ಣದ ಸಣ್ಣ ಚೌಕ. ನಾನು ಅಪ್ಪಯ್ಯನಿಗೆ ಹೇಳದೆ ಬಿಟ್ಟ ಮಾತು ಅಷ್ಟೇ ಅಗಲದ್ದು. ಕೆಳಗಿನ ಖಾಲಿ ಸಾಲು ಅವಳದು, ಅಲ್ಲಿ ಎಷ್ಟು ಬೇಕಾದರೂ ಜಾಗವಿತ್ತು. ಅದನ್ನು ನೋಡಿದಾಗ ಹೊಟ್ಟೆಯೊಳಗಿನ ಹಸಿಮೆಣಸು ಮತ್ತೆ ಚುರ್ರೆಂದಿತು. ಅದು ಹೋಗಿ ಬಿಟ್ಟಿತು ಎಂದು ಬರೆದರೆ ಇನ್ನೊಂದು ಫಲಕ ಬರೆಸಿದ ಹಾಗೆ. ಹೋಗಿಲ್ಲ. ಆದರೆ ಅವಳ ಹೆಸರು ನನ್ನ ಕೆಳಗೆ ಎಂಬುದನ್ನು ಎರಡು ಸಲ ಓದಿದೆ, ಅದನ್ನು ಕೃಪೆಯ ಲೆಕ್ಕಕ್ಕೆ ಹಾಕಿಕೊಂಡೆ. ದೇವರು ಬೈದರೆ ಬೈಯಲಿ.

ಮನೆಯವರು ಸಂಜೆ ಬರುವಾಗ ಪೇಢೆಯ ಡಬ್ಬಿ ತಂದಿದ್ದರು. “ಧಾರವಾಡದವ್ರ್ ನಾಳೆ ಒಳಗ್ ಬಿಡ್ಕಲ್ದಾ,” ಎಂದರು. ಫೋಟೋ ತೋರಿಸಿದೆ. ನೋಡಿ, “ಎರ್ಡ್ ಸೌಟಿಗೆ ಎರ್ಡ್ ಅಕ್ಷರ. ಲೆಕ್ಕ ಸರಿ ಆಯ್ತ್,” ಎಂದು ಸ್ನಾನಕ್ಕೆ ಹೋದರು.

ನಾನು ಫೋಟೋವನ್ನು ಅವಳಿಗೆ ಕಳಿಸಿದೆ. ಈ ಸಲ ದೀಪದ ಚಿತ್ರ ಹಾಕಲಿಲ್ಲ. ‘ಜನವರಿಯಂಗೆ ಪರದೆ ಎಳುವಾಗ ಉಗುರ್ ತೆಕ್ಕಂಡ್ ಹೋಗ್’ ಎಂದು ಬರೆದು, ಫೋನನ್ನು ಫ್ರಿಜ್ಜಿನ ಮೇಲಿಟ್ಟೆ. ನಾಳೆಯ ದೋಸೆಗೆ ನೆನೆಹಾಕಿದ್ದ ಉದ್ದು ಪಾತ್ರೆಯ ತುಂಬ ಉಬ್ಬಿತ್ತು. ಕೈ ತೊಳೆದು, ಬೆಳಕಿನಲ್ಲಿ ಒಮ್ಮೆ ಉಗುರು ನೋಡಿಕೊಂಡು, ಉದ್ದನ್ನು ತೊಳೆಯಲು ಶುರು ಮಾಡಿದೆ.